ಕಾಣಿಕೆಯೊಳಗಿನ ಶಾಪ

(ಬಾನುಲಿ ಭಾಷಣ)

ನಂಜನಗೂಡಿನ ತರುಣ ಮಿತ್ರರೊಬ್ಬರು ಒಮ್ಮೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಇಂಗ್ಲಿಷ್ ಪತ್ರಿಕೆಯೊಂದರ ಸಂಪಾದಕೀಯದಲ್ಲಿ 'ಅನಾಥೆಮ' ಎಂಬ ಮಾತು ಅವರ ಕಣ್ಣಿಗೆ ಬಿದ್ದಿತ್ತು. ಇಂಥ ಪಕ್ಷದವರಿಗೆ ಇಂಥ ನೀತಿ 'ಅನಾಥೆಮ' ಎಂದು ಅಲ್ಲಿ ಬರೆದಿತ್ತಂತೆ. "ಇದು ನಮ್ಮ 'ಅನಾಥ' ಶಬ್ದವೇ ಅಲ್ಲವೆ, ಸ್ವಾಮಿ? ಸಂಸ್ಕೃತದಿಂದ ಅವರಿಗೆ ಹೋಗಿರಬೇಕು" ಎಂದರು. ನಾನು ನಕ್ಕು, ಹಾಗಲ್ಲ, ಅದು ಗ್ರೀಕ್ ಮಾತು, ಅದರ ಅರ್ಥ ಶಾಪ ಎಂದು ಹೇಳಿ ಕಳುಹಿಸಿದೆ. ಆದರೆ ಅವರು ಹೋದ ಮೇಲೆ ನಿಘಂಟು ತೆಗೆದು ನೋಡುತ್ತ ಕುಳಿತಾಗ, ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಸರಿ, ಅವರ ಊಹೆ ಅರ್ಧ ಮಾತ್ರ ತಪ್ಪು ಎನ್ನಿಸಿತು. ಆ ಯೋಚನೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಇಂದಿನ ಇಂಗ್ಲಿಷಿನಲ್ಲಿ 'ಅನಾಥೆಮ' ಎಂದರೆ ಸುತರಾಂ ಒಪ್ಪಲಾಗದ, ಕಂಡರೆ ಆಗದ ವಸ್ತು. ಕೆಲವು ಶತಮಾನ ಹಿಂದೆ ಹೋದರೆ ಅದಕ್ಕೆ ಇನ್ನೂ ಕಟುವಾದ ಅರ್ಥವಿತ್ತು. ಕ್ರೈಸ್ತಸಭೆ ಧರ್ಮಭ್ರಷ್ಟನೆಂದು ಎಣಿಸಿದವನ ಮೇಲೆ ಹಾಕುತ್ತಿದ್ದ ಶಾಪ, ಬಹಿಷ್ಕಾರ ಅದು. ಇನ್ನೂ ಹಿಂದಕ್ಕೆ, ಗ್ರೀಸ್ ದೇಶದ ದೇವಾಲಯಗಳ ಹೊಸ್ತಿಲಿನವರೆಗೆ ಹೋದರೆ, ಶಾಪದ ಸುಳಿವೇ ಇಲ್ಲ. ಅಲ್ಲಿ ಆ ಮಾತಿನ ಅರ್ಥ ಕಾಣಿಕೆ. ಭಕ್ತನೊಬ್ಬ ದೇವರಿಗೆಂದು ತಂದು ಗುಡಿಯಲ್ಲಿ ಎತ್ತಿ ಇಟ್ಟ ವಸ್ತು.

ಶಬ್ದದ ರಚನೆಯೇ ಇದನ್ನು ಹೇಳುತ್ತದೆ. 'ಅನ' ಎಂದರೆ ಮೇಲಕ್ಕೆ. ಉಳಿದ ಭಾಗದಲ್ಲಿರುವುದು ಇಡು ಎಂಬರ್ಥದ ಗ್ರೀಕ್ ಧಾತು. ಈ ಧಾತುವೂ ಸಂಸ್ಕೃತದ 'ಧಾ' ಧಾತುವೂ ಒಂದೇ ಬೇರಿನ ಚಿಗುರುಗಳು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ನಾವು ದಿನವೂ ಬಳಸುವ ವಿಧಾನ, ಆಧಾನ, ನಿಧಿ ಎಲ್ಲವೂ ಆ 'ಧಾ' ಧಾತುವಿನಿಂದ ಬಂದವು. ಕೆಳಗೆ ಇಟ್ಟದ್ದು ನಿಧಿ. ಮೇಲೆ ಇಟ್ಟದ್ದು ಅನಾಥೆಮ. ನನ್ನ ಮಿತ್ರರು 'ಅನಾಥ'ನನ್ನು ಹಿಡಿದು ಹೊರಟದ್ದು ತಪ್ಪು ದಾರಿಯಾದರೂ, ಆ ಗ್ರೀಕ್ ಮಾತು ನಮಗೆ ದೂರದ ನೆಂಟ ಎಂಬುದರಲ್ಲಿ ಅವರು ಸೋತಿರಲಿಲ್ಲ.

ಗ್ರೀಕರು ಯುದ್ಧದಲ್ಲಿ ಗೆದ್ದರೆ ಶತ್ರುವಿನ ಗುರಾಣಿಗಳನ್ನು ಗುಡಿಯ ಗೋಡೆಗೆ ತೂಗುಹಾಕುತ್ತಿದ್ದರು. ಕ್ರಿ.ಪೂ. 479ರಲ್ಲಿ ಪ್ಲಾಟಿಯ ಎಂಬಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಮೇಲೆ, ಹೆಣೆದುಕೊಂಡ ಹಾವುಗಳ ಕಂಚಿನ ಕಂಬವೊಂದನ್ನು ಮಾಡಿಸಿ, ಅದರ ಮೇಲೆ ಚಿನ್ನದ ಮುಕ್ಕಾಲಿಯನ್ನಿರಿಸಿ ಡೆಲ್ಫಿಯ ಅಪೊಲೊ ದೇವನಿಗೆ ಅರ್ಪಿಸಿದರು. ಆ ಕಂಬದ ಉಳಿದ ಭಾಗ ಇಂದಿಗೂ ಇಸ್ತಾಂಬುಲ್ ನಗರದಲ್ಲಿ ನಿಂತಿದೆ. ಅಂಥದಕ್ಕೆ 'ಅನಾಥೆಮ' ಎಂದು ಹೆಸರು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ನಂಜನಗೂಡಿಗೇ ಬರಬಹುದು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ಶ್ರೀಕಂಠೇಶ್ವರನ ಹರಕೆಯಿಂದ ವಾಸಿಯಾಯಿತು, ಸುಲ್ತಾನ ಆ ದೇವರನ್ನು ಹಕೀಮ್ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದ ಎಂದು ಪ್ರತೀತಿ. ಪ್ರಾಚೀನ ಗ್ರೀಕನೊಬ್ಬ ಆ ಪಚ್ಚೆಲಿಂಗವನ್ನು ಕಂಡಿದ್ದರೆ ಕ್ಷಣವೂ ತಡೆಯದೆ 'ಅನಾಥೆಮ' ಎನ್ನುತ್ತಿದ್ದ. ಅದು ಅವನ ಬಾಯಲ್ಲಿ ಬೈಗುಳವಲ್ಲ, ಗೌರವದ ಮಾತು.

ಹಾಗಾದರೆ ಈ ಮಂಗಳಕರವಾದ ಮಾತು ಶಾಪವಾದದ್ದು ಹೇಗೆ?

ಕ್ರಿ.ಪೂ. ಮೂರು, ಎರಡನೆಯ ಶತಮಾನಗಳಲ್ಲಿ ಯೆಹೂದ್ಯರ ಪವಿತ್ರ ಗ್ರಂಥಗಳು ಹೀಬ್ರೂ ಭಾಷೆಯಿಂದ ಗ್ರೀಕಿಗೆ ಅನುವಾದವಾದವು. ಹೀಬ್ರೂವಿನಲ್ಲಿ 'ಹೇರೆಮ್' ಎಂಬ ಮಾತಿದೆ. ದೇವರಿಗೇ ಮೀಸಲಾದದ್ದು, ಆದ್ದರಿಂದ ಮನುಷ್ಯ ಮುಟ್ಟಬಾರದ್ದು ಎಂದು ಅದರ ಅರ್ಥ. ಯುದ್ಧಕಾಲದಲ್ಲಿ ಇಡೀ ಒಂದು ಪಟ್ಟಣವನ್ನೇ ಹೀಗೆ ದೇವರಿಗೆ ಬಿಟ್ಟುಕೊಡುವುದಿತ್ತು. ಬಿಟ್ಟುಕೊಡುವುದೆಂದರೆ ಅದನ್ನು ನಾಶಮಾಡುವುದೆಂದೇ ಅರ್ಥ. ಜೆರಿಕೊ ಪಟ್ಟಣ ಬಿದ್ದಾಗ ಆಕಾನನೆಂಬವನು ಹೀಗೆ ಮೀಸಲಾಗಿದ್ದ ಕೊಳ್ಳೆಯಲ್ಲಿ ಒಂದು ನಿಲುವಂಗಿಯನ್ನೂ ಸ್ವಲ್ಪ ಬೆಳ್ಳಿಬಂಗಾರವನ್ನೂ ಕದ್ದು ತನ್ನ ಗುಡಾರದಲ್ಲಿ ಹೂತಿಟ್ಟನು. ಅವನನ್ನಷ್ಟೇ ಅಲ್ಲ, ಅವನ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಅವನೊಡನೆ ಕಲ್ಲೆಸೆದು ಕೊಂದರೆಂದು ಕಥೆ. ಮಕ್ಕಳಿಗೂ ತಗಲಿದ ಈ ದಂಡವನ್ನು ನೆನಪಿನಲ್ಲಿಡಿ. ಮುಂದೆ ನಮ್ಮ ಕಲ್ಲುಗಳಲ್ಲೂ ಅದನ್ನು ಕಾಣಲಿದ್ದೇವೆ.

ಈ 'ಹೇರೆಮ್' ಎಂಬುದಕ್ಕೆ ಅನುವಾದಕರು ಆಯ್ದ ಗ್ರೀಕ್ ಪದ 'ಅನಾಥೆಮ'. ದೇವರ ಪಾಲಿನದು ಎಂಬ ಅರ್ಥ ಎರಡರಲ್ಲೂ ಇದ್ದದ್ದರಿಂದ ಆ ಆಯ್ಕೆ ಸಹಜವೇ. ಆದರೆ ಅಂದಿನಿಂದ ಒಂದೇ ಮಾತು ಎರಡು ಹೊರೆ ಹೊರಬೇಕಾಯಿತು. ಗ್ರೀಕರು ಕೊನೆಗೆ ಒಂದು ಉಪಾಯ ಕಂಡುಕೊಂಡರು. ದೀರ್ಘ ಏಕಾರವಿಟ್ಟು 'ಅನಥೇಮ' ಎಂದರೆ ಕಾಣಿಕೆ, ಹ್ರಸ್ವ ಎಕಾರವಿಟ್ಟು 'ಅನಥೆಮ' ಎಂದರೆ ಶಾಪಕ್ಕೆ ಗುರಿಯಾದದ್ದು. ಎ, ಏ ಎರಡನ್ನೂ ಬೇರೆಬೇರೆ ಅಕ್ಷರಗಳಲ್ಲಿ ಬರೆಯುವ ಕನ್ನಡಿಗರಿಗೆ ಈ ಸೂಕ್ಷ್ಮ ಸುಲಭವಾಗಿ ತಿಳಿಯುತ್ತದೆ. ಇಂಗ್ಲಿಷಿನ ಬಳಕೆಯಲ್ಲಿ ಹ್ರಸ್ವವೇ ಗೆದ್ದಿತು.

ಹೀಬ್ರೂವಿನ ಆ ಮಾತಿನ ಒಡಹುಟ್ಟೊಂದು ಅರಬ್ಬಿ ಭಾಷೆಯಲ್ಲಿದೆ: ಹರಾಮ್. ನಿಷಿದ್ಧವಾದದ್ದು ಎಂಬುದು ಅದರ ಅರ್ಥವಾದರೂ, ಅದೇ ಧಾತುವಿನಿಂದಲೇ ಮೆಕ್ಕಾದ ಪವಿತ್ರ ಆವರಣಕ್ಕೂ ಹೆಸರು ಬಂದಿದೆ. ಆ ಹರಾಮ್ ನಮ್ಮ ಸಂತೆಪೇಟೆಗಳಲ್ಲಿ ಹರಾಮಿ ಎಂಬ ಬೈಗುಳವಾಗಿ ಓಡಾಡುತ್ತಿದೆ. ಲ್ಯಾಟಿನ್ನಿನ 'ಸಾಕೆರ್' ಎಂಬ ಪದಕ್ಕೂ ಪವಿತ್ರ, ಶಾಪಗ್ರಸ್ತ ಎಂಬ ಎರಡು ಅರ್ಥಗಳುಂಟು. ಒಂದು ಭಾಷೆಯಲ್ಲಿ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಇಷ್ಟು ಭಾಷೆಗಳಲ್ಲಿ ಆಗಿದೆಯೆಂದರೆ ಮನುಷ್ಯನ ಸ್ವಭಾವದಲ್ಲೇ ಏನೋ ಕಾರಣವಿರಬೇಕು.

ಮುಂದಿನ ಕಥೆ ಕ್ರೈಸ್ತಸಭೆಯದು. ಕ್ರಿ.ಶ. 325ರ ನೈಸಿಯ ಮಹಾಸಭೆ ತನ್ನ ವಿಶ್ವಾಸಸೂತ್ರದ ಕೊನೆಗೆ, ಇದಕ್ಕೆ ವಿರುದ್ಧವಾಗಿ ಬೋಧಿಸುವವರ ಮೇಲೆ 'ಅನಾಥೆಮ'ವನ್ನು ಹೇರಿತು. ಮುಂದೆ ಲ್ಯಾಟಿನ್ನಿನಲ್ಲಿ 'ಅನಾಥೆಮ ಸಿಟ್' ಎಂಬುದು ಇಂಥ ನಿರ್ಣಯಗಳ ಅಂಕಿತವಾಯಿತು. ಇಲ್ಲಿ 'ಸಿಟ್' ಎಂದರೆ ಆಗಲಿ. ಕನ್ನಡದ ಶಾಪವೂ ನಿಲ್ಲುವುದು ಈ 'ಲಿ' ಎಂಬ ಒಂದಕ್ಷರದ ಮೇಲೆಯೇ. ಮನೆ ಬೆಳಗಲಿ ಎನ್ನುವುದೂ ಅದೇ ಪ್ರತ್ಯಯದಿಂದ, ಮನೆ ಹಾಳಾಗಲಿ ಎನ್ನುವುದೂ ಅದೇ ಪ್ರತ್ಯಯದಿಂದ. ವ್ಯಾಕರಣಕ್ಕೆ ಹರಕೆಯೂ ಶಾಪವೂ ಒಂದೇ. ಎರಡೂ ಕಾಣದ ಕೈಯೊಂದನ್ನು ಬೇಡಿಕೊಳ್ಳುವ ಮಾತುಗಳು.

ಈಗ ನಮ್ಮ ಹೊಳೆದಂಡೆಗೆ ಬರೋಣ. ಕಪಿಲೆ ನಂಜನಗೂಡನ್ನು ಬಳಸಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1894ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ಮತ್ತೆ ಹೊರತಂದಿತು. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನ ಒಡೆಯರು ಎಲ್ಲರೂ ಇಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಅರಸು ಬದಲಾದರೂ, ಲಿಪಿ ಭಾಷೆಗಳು ಬದಲಾದರೂ, ದಾನಶಾಸನದ ಅಚ್ಚು ಹೆಚ್ಚು ಬದಲಾಗಲಿಲ್ಲ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಮೊದಲಿಗೆ ಸ್ತುತಿ, ಅರಸನ ಬಿರುದು. ಆಮೇಲೆ ಕೊಟ್ಟವನು ಯಾರು, ಕೊಂಡವನು ಯಾರು, ಭೂಮಿ ಎಷ್ಟು, ಅದರ ಎಲ್ಲೆ ಎಲ್ಲಿಂದೆಲ್ಲಿಗೆ. ಕಟ್ಟಕಡೆಗೆ, ಶಾಸನಶಾಸ್ತ್ರಜ್ಞರು ಶಾಪಾಶಯವೆಂದು ಕರೆಯುವ ಭಾಗ.

ಆ ಭಾಗ ಓದುವಾಗ ಮೈ ಜುಮ್ಮೆನ್ನುತ್ತದೆ. ಈ ಧರ್ಮವನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂದು ಕೆಲವು ಹೇಳುತ್ತವೆ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆಂದು ಮತ್ತೆ ಕೆಲವು. ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿರುವುದು ವಿಷದ ಹೋಲಿಕೆಯ ಶ್ಲೋಕ. ಅದರ ತಾತ್ಪರ್ಯ ಇಷ್ಟು: ವಿಷವನ್ನು ವಿಷವೆನ್ನಬೇಡಿ, ದೇವರ ಸ್ವತ್ತೇ ನಿಜವಾದ ವಿಷ, ಏಕೆಂದರೆ ವಿಷ ಕುಡಿದವನೊಬ್ಬನನ್ನು ಕೊಂದರೆ, ದೇವರ ಸ್ವತ್ತು ತಿಂದವನ ಮಕ್ಕಳು ಮೊಮ್ಮಕ್ಕಳವರೆಗೂ ಕೊಲ್ಲುತ್ತದೆ. ನಂಜನ್ನು ಉಂಡು ಲೋಕವನ್ನು ಉಳಿಸಿದ ದೇವರ ಊರಿನ ಸೀಮೆಯಲ್ಲಿ ಈ ಮಾತನ್ನು ಓದಬೇಕು. ಹಾಲಾಹಲವನ್ನು ಜೀರ್ಣಿಸಿಕೊಂಡವನ ಹೆಸರಿಗೆ ಬರೆದ ಹೊಲ ಮನುಷ್ಯನಿಗೆ ಜೀರ್ಣವಾಗದು ಎಂಬ ಧ್ವನಿ ತಾನಾಗಿಯೇ ಕೇಳಿಸುತ್ತದೆ. ಜೆರಿಕೊದ ಆಕಾನನ ಮಕ್ಕಳಿಗೆ ಆದ ಗತಿಯನ್ನು ನಮ್ಮ ಶಾಸನಕವಿಯೂ ಬೇರೊಂದು ದಾರಿಯಿಂದ ಕಂಡುಕೊಂಡಿದ್ದ.

ಕಾಣಿಕೆಯೂ ಶಾಪವೂ ಗ್ರೀಕಿನಲ್ಲಿ ಒಂದು ಶಬ್ದದಲ್ಲಿ ಕೂಡಿದವು; ನಮ್ಮಲ್ಲಿ ಒಂದು ಕಲ್ಲಿನಲ್ಲಿ ಕೂಡಿದವು. ಮೇಲಿನ ಸಾಲುಗಳಲ್ಲಿ ದಾನ, ಕೆಳಗಿನ ಸಾಲುಗಳಲ್ಲಿ ಶಾಪ.

ಏಕೆ ಹೀಗೆ? ಇಲ್ಲಿಯೇ ನನ್ನ ಮಿತ್ರರ 'ಅನಾಥ' ನೆನಪಾಗುತ್ತದೆ. ಕೊಟ್ಟವನು ಬದುಕಿರುವವರೆಗೆ ಕೊಟ್ಟದ್ದನ್ನು ಕಾಯಬಲ್ಲ. ಅವನು ಕಣ್ಣು ಮುಚ್ಚಿದ ದಿನ ಆ ದತ್ತಿ ಅನಾಥವಾಗುತ್ತದೆ. ಮುಂದಿನ ಅರಸು ಯಾರೋ, ಅವನ ದಳವಾಯಿ ಎಂಥವನೋ, ತನ್ನ ಮಗನೇ ಎಂಥವನಾಗುವನೋ ತಿಳಿಯದು. ಕಾಯುವ ಮನುಷ್ಯರಿಲ್ಲದ ಕಡೆ ಮಾತನ್ನು ಕಾವಲಿಗೆ ನಿಲ್ಲಿಸುವುದು ಬಿಟ್ಟು ಅವನಿಗೆ ಬೇರೆ ದಾರಿಯಿರಲಿಲ್ಲ. ಶಾಪವೆಂದರೆ ಆ ಕಾವಲು.

ಅದಕ್ಕೆ ಸಾಕ್ಷಿಯೂ ಶಾಪದ ಪಕ್ಕದಲ್ಲೇ ಇದೆ. ಅದೇ ಶಾಪಾಶಯದ ಭಾಗದಲ್ಲಿ ಬೇಡಿಕೆಯ ಶ್ಲೋಕವೊಂದು ಬರುವುದುಂಟು. ಧರ್ಮವು ಎಲ್ಲ ಅರಸರಿಗೂ ಸಮಾನವಾದ ಸೇತುವೆ, ಕಾಲಕಾಲಕ್ಕೆ ನೀವು ಅದನ್ನು ಕಾಪಾಡಿರಿ ಎಂದು ಮುಂದೆ ಬರುವ ಅರಸರನ್ನು ಸಾಕ್ಷಾತ್ ಶ್ರೀರಾಮಚಂದ್ರನೇ ಮತ್ತೆಮತ್ತೆ ಯಾಚಿಸುತ್ತಾನೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ದೊಡ್ಡದೆಂದು ಇನ್ನೊಂದು ಶ್ಲೋಕ ಸಾರುತ್ತದೆ. ಅನುವಾದಕರೂ ಸಂಪಾದಕರೂ ಇಂಥ ಶ್ಲೋಕಗಳನ್ನು ಕಂಡು ಕಂಡು ಬೇಸತ್ತು, ವಾಡಿಕೆಯ ಶಾಪವಾಕ್ಯ ಎಂದು ಆವರಣದಲ್ಲಿ ಬರೆದು ಮುಂದೆ ಸಾಗುವುದುಂಟು. ಆ ಆವರಣದೊಳಗೆ ಶಾಪದ ಜೊತೆಗೆ ಈ ಯಾಚನೆಯೂ ಮುಚ್ಚಿಹೋಗಿದೆ. ಇಂಗ್ಲಿಷಿನಲ್ಲಿ ಶಾಪಕ್ಕಿರುವ ಇನ್ನೊಂದು ಹೆಸರು 'ಇಂಪ್ರಿಕೇಷನ್'. ಅದರ ಮೂಲ ಲ್ಯಾಟಿನ್ ಧಾತುವಿಗೆ ಅರ್ಥ ಪ್ರಾರ್ಥಿಸು ಎಂದೇ.

ಆದರೆ ಕಲ್ಲಿನಲ್ಲಿ ಶಾಪ ಕೆತ್ತಿಸಲು ಕಲ್ಲುಕುಟಿಗನಿಗೆ ಕೂಲಿ ಕೊಡುವ ಶಕ್ತಿ ಬೇಕು. ಅದಿಲ್ಲದವರ ಶಾಪ ಬಾಯಲ್ಲೇ ಇರುತ್ತದೆ. ಬದುವನ್ನು ಒತ್ತರಿಸಿಕೊಂಡವನ ಮನೆಯ ಮುಂದೆ ನಿಂತು, ಹಿಡಿ ಮಣ್ಣು ತೂರಿ, ನಟಿಕೆ ಮುರಿಯುವ ಹೆಣ್ಣುಮಗಳನ್ನು ನಮ್ಮ ಸೀಮೆಯವರೆಲ್ಲ ಕಂಡಿರಬಹುದು. ಅವಳ ಬಾಯಲ್ಲಿ ಬರುವ ಮಾತು 'ನಿನ್ ಮನೆ ಎಕ್ಕುಟ್ಟೋಗ'. ನಾಗರಿಕರು ಕೇಳಿ ನಗುವ ಈ ಮಾತನ್ನು ಬಿಡಿಸಿ ನೋಡಿ: ನಿನ್ನ ಮನೆಯಿದ್ದ ಕಡೆ ಎಕ್ಕದ ಗಿಡ ಹುಟ್ಟಲಿ. ಎಕ್ಕ ಬೆಳೆಯುವುದು ಜನ ಬಿಟ್ಟುಹೋದ ಹಾಳುಬೀಳಿನಲ್ಲಿ. ಒಂದು ವಂಶ ಅಳಿದ ಚಿತ್ರವನ್ನು ಆಕೆ ಒಂದು ಗಿಡದ ಹೆಸರಿನಲ್ಲಿ ಹೇಳಿಬಿಟ್ಟಳು. ಅದೇ ಎಕ್ಕದ ಹೂವು ಶಿವನ ಪೂಜೆಗೆ ಬೇಕು. ರಥಸಪ್ತಮಿಯ ದಿನ ಎಕ್ಕದ ಎಲೆಯನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವೆ. ಗುಡಿಗೆ ಸಲ್ಲುವುದೂ ಹಾಳಿನ ಗುರುತಾಗುವುದೂ ಒಂದೇ ಗಿಡ.

ಬಲವಿಲ್ಲದವಳ ಶಾಪಕ್ಕೆ ನಮ್ಮ ಜಿಲ್ಲೆಯಲ್ಲಿ ಅಲಮೇಲಮ್ಮನ ಹೆಸರಿದೆ. ಕಥೆ ಎಲ್ಲರಿಗೂ ಗೊತ್ತು, ಚಿಕ್ಕದಾಗಿ ಹೇಳುತ್ತೇನೆ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ತಿರುಮಲರಾಯ ವಾಸಿಯಾಗದ ವ್ಯಾಧಿಯಿಂದ ನರಳುತ್ತ ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋದನು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾಯಿತು. ರಾಯನ ಮಡದಿ ಅಲಮೇಲಮ್ಮನ ಬಳಿ ಅಮೂಲ್ಯವಾದ ಒಡವೆಗಳಿದ್ದವು. ಅವುಗಳಲ್ಲಿ ಮುತ್ತಿನ ಮೂಗುತಿಯನ್ನು ವಿಶೇಷ ದಿನಗಳಲ್ಲಿ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದರೆಂದು ಪ್ರತೀತಿ. ಆ ಒಡವೆಗಳಿಗಾಗಿ ಅರಸನ ಕಡೆಯವರು ಬೆನ್ನಟ್ಟಿದಾಗ ಆಕೆ ತಲಕಾಡಿನ ಎದುರಿನ ಮಾಲಂಗಿಯ ಬಳಿ ಕಾವೇರಿಗೆ ಧುಮುಕಿದಳು. ಧುಮುಕುವ ಮುನ್ನ ಮೂರು ಶಾಪ ಕೊಟ್ಟಳು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ಅರಸುಮನೆಗೆ ಸಂತಾನಹೀನತೆ.

ಈ ಶಾಪ ಫಲಿಸಿತೆ ಎಂದು ಕೇಳುವವರುಂಟು. ಮರಳಿನ ಮಟ್ಟಿಗೆ, ಅದು ಗಾಳಿ ಮತ್ತು ಹೊಳೆಯ ಕೆಲಸ. ಹಿಂದೆ ಮುಂಗಾರಿನ ಗಾಳಿಗೆ ಮರಳುದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನ ಮೇಲೆ ಸಾಗಿಬರುತ್ತಿದ್ದವೆಂದು ಹಳೆಯ ಗೆಜೆಟಿಯರು ದಾಖಲಿಸಿದೆ. ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಹೊಳೆಯ ಹರಿವು ಬದಲಾಗಿ ಮರಳು ಬಯಲಿಗೆ ಬಿತ್ತೆಂದು ನಮ್ಮ ಕಾಲದ ವಿಜ್ಞಾನಿಗಳು ವಾದಿಸಿದ್ದಾರೆ. ಸಂತಾನದ ಮಟ್ಟಿಗೆ, ಅರಸುಮನೆಯಲ್ಲಿ ದತ್ತು ಪದೇಪದೇ ಬಂದದ್ದು ನಿಜ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡರು. 1940ರಲ್ಲಿ ನಾಲ್ವಡಿಯವರ ತರುವಾಯ ತಮ್ಮನ ಮಗ ಪಟ್ಟಕ್ಕೆ ಬಂದರು. 2015ರಲ್ಲಿ ಮತ್ತೆ ದತ್ತು ಪಟ್ಟಾಭಿಷೇಕವಾಯಿತು. ಆದರೆ ಚಾಮರಾಜ ಒಡೆಯರಿಗೂ ಜಯಚಾಮರಾಜೇಂದ್ರ ಒಡೆಯರಿಗೂ ಗಂಡುಮಕ್ಕಳಿದ್ದದ್ದೂ ಅಷ್ಟೇ ನಿಜ. 2017ರಲ್ಲಿ ಆ ಮನೆಯಲ್ಲಿ ಮತ್ತೆ ತೊಟ್ಟಿಲು ತೂಗಿತು. ಲೆಕ್ಕಕ್ಕೆ ನಿಲ್ಲುವ ವಸ್ತು ಶಾಪವಲ್ಲ. ನಾವು ಕೇಳಬೇಕಾದದ್ದು ಬೇರೆ: ನಾನೂರು ವರ್ಷ ಜನ ಇದನ್ನು ಏಕೆ ಮರೆಯಲಿಲ್ಲ? ಗೆದ್ದವರ ವಿಜಯದ ವರ್ಣನೆಗಳನ್ನು ಪಂಡಿತರು ಮಾತ್ರ ಬಲ್ಲರು. ಸೋತ ಹೆಣ್ಣಿನ ಮೂರು ಮಾತುಗಳನ್ನು ದನ ಕಾಯುವ ಹುಡುಗನೂ ಬಲ್ಲ. ಅವಳ ಪರವಾಗಿ ತೀರ್ಪು ಕೊಡುವ ನ್ಯಾಯಸ್ಥಾನ ಇರಲಿಲ್ಲ. ಜನರ ನಾಲಗೆಯೇ ಆ ತೀರ್ಪನ್ನು ಕಾಪಾಡಿಕೊಂಡು ಬಂತು.

ಇಲ್ಲಿ ಒಂದು ತೊಡಕಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. 1955ರಲ್ಲಿ ಮೈಸೂರು ರಾಜ್ಯ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು ರದ್ದುಮಾಡುವ ಕಾಯಿದೆ ತಂದಿತು. ದೇವಾಲಯಗಳ ಇನಾಮು ಭೂಮಿ ಸರ್ಕಾರದ ಕೈಗೆ ಬಂದು, ಉಳುವವನಿಗೆ ಅದರಲ್ಲಿ ಹಕ್ಕು ಸಿಕ್ಕಿತು. ದೇವಾಲಯಗಳಿಗೆ ತಸ್ತೀಕು ಗೊತ್ತಾಯಿತು. ಕಲ್ಲಿನ ಮೇಲಿನ ಶಾಪ ಈ ರೈತನಿಗೂ ತಗಲುವುದೆ? ತಗಲದೆಂದೇ ನನ್ನ ನಂಬಿಕೆ. ಶಾಸನಗಳಲ್ಲಿ ಕೊಟ್ಟವನ ಹೆಸರುಂಟು, ಕೊಂಡವನ ಹೆಸರುಂಟು. ಉತ್ತವನ ಹೆಸರು ಬಹುಪಾಲು ಇಲ್ಲ. ಎಷ್ಟೋ ತಲೆಮಾರು ತನ್ನ ಬೆವರನ್ನು ಆ ನೆಲಕ್ಕೆ ಕಾಣಿಕೆಯಿಟ್ಟವನು ಅವನೇ. ಶಾಪ ಕಾಯಬೇಕಾದದ್ದು ನಂಬಿಕೆಯಿಂದ ಇಟ್ಟದ್ದನ್ನಾದರೆ, ಅವನು ಇಟ್ಟದ್ದೂ ಆ ಕಾವಲಿನೊಳಗೆ ಬರಬೇಕು. ಇಂದು ಶಾಪಕ್ಕೆ ನಿಜವಾಗಿ ಪಾತ್ರರಾದವರು ಬೇರೆಯವರಿದ್ದಾರೆ. ನಿಧಿಯ ಆಸೆಗೆ ಹಾಳುಗುಡಿಗಳ ಪೀಠವನ್ನು ರಾತ್ರಿ ಅಗೆಯುವವರು, ಕೆರೆಯನ್ನೂ ಗೋಮಾಳವನ್ನೂ ಸದ್ದಿಲ್ಲದೆ ನುಂಗುವವರು. ಶಾಸನದ ಕಲ್ಲನ್ನೇ ಬಟ್ಟೆ ಒಗೆಯಲು ಹಾಸಿಕೊಂಡ ಅಮಾಯಕರನ್ನು ಆ ಸಾಲಿಗೆ ಸೇರಿಸಲಾರೆ. ಅದರಲ್ಲಿ ಏನು ಬರೆದಿದೆಯೆಂದು ಅವರಿಗೆ ಓದಿಹೇಳದ ನಾವು ಸೇರಬೇಕಾದೀತು.

ಕೊನೆಗೆ ನನ್ನ ಅಜ್ಜಿಯ ಮಾತೊಂದು. ಅವಳ ಅಕ್ಕಿಯ ಗಡಿಗೆಯಲ್ಲಿ ಅರಿಸಿನದ ಬಟ್ಟೆಯಲ್ಲಿ ಗಂಟುಹಾಕಿದ ಮುಡಿಪು ಇರುತ್ತಿತ್ತು, ನಂಜುಂಡೇಶ್ವರನ ಜಾತ್ರೆಗೆಂದು ಮೀಸಲು. ಮುಡಿಪು, ಮೀಸಲು, ಗ್ರೀಕರ ಆ ಹಳೆಯ ಶಬ್ದಕ್ಕೆ ಇವಕ್ಕಿಂತ ಒಳ್ಳೆಯ ಕನ್ನಡ ನನಗೆ ತೋರದು. ಹುಡುಗನಾಗಿದ್ದಾಗ ನಾನು ಅದರಿಂದ ಒಂದು ನಾಣ್ಯ ತೆಗೆದು ಮಿಠಾಯಿ ತಿಂದೆ. ಆ ರಾತ್ರಿ ನನಗೆ ಜ್ವರ ಬಂತು. ಜ್ವರ ಬಂದದ್ದು ಶಾಪದಿಂದಲ್ಲ, ಶಾಪದ ಭಯದಿಂದ ಎಂದು ಈಗ ತಿಳಿಯುತ್ತದೆ. ಬೆಳಿಗ್ಗೆ ಅಜ್ಜಿಗೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ತನ್ನ ಸೆರಗಿನ ಗಂಟಿನಿಂದ ಎರಡು ನಾಣ್ಯ ತೆಗೆದು, ನನ್ನ ಕೈಯಿಂದಲೇ ಮುಡಿಪಿಗೆ ಹಾಕಿಸಿ, "ತಪ್ಪುಕಾಣಿಕೆ ಕಣೋ, ಆಯ್ತು ಹೋಗು" ಎಂದಳು.

ತಪ್ಪುಕಾಣಿಕೆ. ಈ ಮಾತಿಗೆ ಸಮನಾದದ್ದನ್ನು ಇಂಗ್ಲಿಷಿನಲ್ಲಿ ಹುಡುಕಿದೆ, ಸಿಗಲಿಲ್ಲ. 'ಅನಾಥೆಮ' ಕಾಣಿಕೆಯಿಂದ ಶಾಪಕ್ಕೆ ಇಳಿದು ಅಲ್ಲಿಯೇ ನಿಂತುಬಿಟ್ಟಿತು. ನಮ್ಮ ಅಜ್ಜಿಯರಿಗೆ ಹಿಂದಿರುಗುವ ದಾರಿಯೂ ಗೊತ್ತಿತ್ತು. ಮೈಸೂರಿನ ಅರಮನೆಗೂ ಅದು ಗೊತ್ತಿತ್ತು. ತಮ್ಮ ವಂಶ ನಿಲ್ಲದಿರಲೆಂದು ಶಪಿಸಿದ ಆ ಹೆಣ್ಣಿನ ವಿಗ್ರಹವನ್ನು ಅವರು ಮನೆಯೊಳಗೇ ಇಟ್ಟುಕೊಂಡು ನವರಾತ್ರಿಯಲ್ಲಿ ಪೂಜೆ ಸಲ್ಲಿಸುತ್ತ ಬಂದಿದ್ದಾರೆ. ಅವಳ ಒಡವೆಗೆ ಕೈಚಾಚಿದ ಮನೆತನ ಅವಳನ್ನೇ ಎತ್ತಿ ಪೀಠದ ಮೇಲಿಟ್ಟಿತು. ಎತ್ತಿ ಇಟ್ಟದ್ದು ಎಂಬುದೇ ಅಲ್ಲವೆ ಆ ಗ್ರೀಕ್ ಶಬ್ದದ ಮೊದಲ ಅರ್ಥ?